ಹೊಸ ಕೀಬೋರ್ಡ್ ಬೇಕೋ ಬ್ಯಾಡೋ

ನಮ್ಮ ತುರೋರಿಯ ಭಜನಿ ಮಂಡಳಿಯಲ್ಲಿ ಒಂದು ಸಣ್ಣ ಕೀಬೋರ್ಡ್ ಇದೆ. ಬಗಲಾಗ ಹಿಡಕೊಂಡು ಹೋಗಬಹುದು, ಕರೆಂಟ್ ಹೋದರೆ ಸೆಲ್ ಹಾಕಿ ನುಡಿಸಬಹುದು. ನುಡಿಸಾಂವ ನಾನು. ಈ ಸಲ ಶ್ರಾವಣ ಮುಗಿದ ಮೇಲೆ ಮಂಡಳಿಯ ಡಬ್ಬಿಯಲ್ಲಿ 14 ಸಾವಿರ ರೂಪಾಯಿ ಉಳಿಯಿತು. "ಇದನ್ನ ಬಿಡ್ರಿ, ಹೊಸ ಮಾಡಲ್ ತರ್ರಿ" ಅಂತ ಹುಡುಗರು ಗಂಟುಬಿದ್ದರು. ನನಗೂ ಆಸೆ ಇತ್ತು, ಸುಳ್ಳು ಯಾಕ ಹೇಳಲಿ?

ಉಮರ್ಗಾಕ್ಕೆ ಹೋಗಿ ನೋಡಿದೆ. ಹೊಸದಕ್ಕೆ 61 ಪಟ್ಟಿ, ಅಂದರೆ ಐದು ಸಪ್ತಕ. ನಮ್ಮದಕ್ಕೆ 32, ಎರಡೂವರೆ ಸಪ್ತಕ ಅಷ್ಟೇ. ಪಟ್ಟಿಗಳೂ ಸಣ್ಣವು, ಒಂದು ಒತ್ತಿದರೆ ಬಾಜೂದ್ದೂ ನುಡೀತದ. ಹೊಸದರಲ್ಲಿ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರು ಒತ್ತಿದರೆ ಜೋರು. ಗುಂಡಿ ಒತ್ತಿದರೆ 'ಸಾ' ಬದಲಾಗತದ. ಎಡಗಡೆಯ ಗಾಲಿ ತಿರುವಿದರೆ ಸ್ವರ ಜಾರತದ. ತಾನಪುರಾ, ತಬಲಾ ಠೇಕಾ ಎಲ್ಲ ಒಳಗೇ ಇವೆ.

ಆ ರಾತ್ರಿ ಕೂತು ಎರಡು ಪಟ್ಟಿ ಮಾಡಿದೆ. ಹಳೇದರ ಬ್ಯಾನಿ ಏನು, ಹೊಸದರ ಚಂದ ಏನು. ಇವೆರಡನ್ನೂ ಕಲಸಿಬಿಟ್ಟರೆ ಅಂಗಡಿಯಾಗ ನಾವು ಮೋಸ ಹೋಗತೀವಿ.

ಬ್ಯಾನಿ ಮೂರೇ ಇದ್ದವು. ಅಡಾಪ್ಟರ್ ಹಚ್ಚಿದರೆ ಗುಂಯ್ ಅಂತದ. ಅದು ಬೇರೆ ಅಡಾಪ್ಟರ್ ತಂದರೆ ಹೋದೀತು. ಬಟ್ಟು ಸಿಗುವುದಿಲ್ಲ, ಅದು ದೊಡ್ಡವರಿಗೆ, ಮಕ್ಕಳಿಗಲ್ಲ. ಮೂರನೇದು ಖರೇ ಬ್ಯಾನಿ. ನಮ್ಮ ಮುತ್ಯಾನ 'ಸಾ' ಎಡಗಡೆಯ ತುದಿಗೇ ಬೀಳತದ, ಅದರ ಕೆಳಗಿನ ಪಂಚಮ ಹುಡುಕಿದರೆ ಕೈಗೆ ಕಟ್ಟಿಗಿ ಸಿಗತದ.

ಇನ್ನು ಚಂದ. ಸ್ವರ ಜಾರುವ ಗಾಲಿ ನೋಡಿ ನನಗೆ ಹಾರ್ಮೋನಿಯಂ ನೆನಪಾಯಿತು. ಹಾರ್ಮೋನಿಯಂದಲ್ಲಿ ಸ್ವರ ಜಾರೋದಿಲ್ಲ ಅಂತಲೇ ಆಕಾಶವಾಣಿಯವರು 1940ರಲ್ಲಿ ಅದನ್ನು ಹೊರಗಿಟ್ಟಿದ್ದರು. ಮತ್ತೆ ಒಳಗೆ ಬಂದದ್ದು 1971ರಲ್ಲಿ. ಆದರೆ ಗದುಗಿನ ಪುಟ್ಟರಾಜ ಗವಾಯಿಗಳು ಅದೇ ಜಾರದ ಪೆಟ್ಟಿಯನ್ನೂ ನುಡಿಸಿ ಮಂದಿಯ ಕಣ್ಣಾಗ ನೀರು ತರಿಸಿದರು. ನಮ್ಮಲ್ಲಿ ವಚನ ಇರಲಿ, ಅಭಂಗ ಇರಲಿ, ಸ್ವರ ಜಾರಿಸುವ ಕೆಲಸ ಹಾಡುವವರ ಗಂಟಲದ್ದು. ಪೆಟ್ಟಿ ಬೆನ್ನಿಗೆ ನಿಂತರೆ ಸಾಕು.

ಉಳಿದದ್ದು ಠೇಕಾ. ಅಂಗಡಿಯವರು ಹಚ್ಚಿ ತೋರಿಸಿದಾಗ ಎಲ್ಲರೂ ಖುಷಿ ಆದರು. ನನ್ನ ಜೋಡಿ ಬಂದಿದ್ದ ನಮ್ಮ ತಬಲಾ ಹುಡುಗ, ಒಂಬತ್ತನೇ ಇಯತ್ತೆಯವ, ಸುಮ್ಮನೆ ನಿಂತಿದ್ದ. ವಾಪಸ್ ಬರುವಾಗ ಗಾಡಿಯ ಹಿಂದೆ ಕೂತು ಕೇಳಿದ: "ಕಾಕಾ, ಹೊಸದು ಬಂದರ ನಾ ಬರೋದು ಬ್ಯಾಡೇನು?"

ನಾನು "ಹುಚ್ಚ ಇದ್ದೀಯೇನು" ಅಂದೆ. ಆದರೆ ಆ ಮಾತು ಮನೆತನಕ ಬಂತು. ಮುತ್ಯಾ ಹಾಡುವಾಗ ನಡುವೆ ನಿಲ್ಲತಾರ, ಒಂದೇ ಶಬ್ದ ನಾಲ್ಕು ಸಲ ಅಂತಾರ, ಉಸಿರು ಸಾಲದೆ ಲಯ ಇಳಿಸತಾರ. ಹುಡುಗ ಅವರ ಮುಖ ನೋಡಿ ಕಾಯತಾನ. ಯಂತ್ರದ ಠೇಕಾ ಯಾರ ಮುಖಾನೂ ನೋಡೋದಿಲ್ಲ. ಎಂಬತ್ತು ದಾಟಿದ ಮುತ್ಯಾ ಅದರ ಹಿಂದೆ ಓಡಬೇಕಾಗತದ. ಗುಂಡಿ ಒತ್ತದಿದ್ದರಾಯಿತು ಅಂದಿರಿ? ಒಂದು ದಿನ ಹುಡುಗ ಬರದಿದ್ದರೆ ಒತ್ತತೀವಿ. ಎರಡನೇ ದಿನ ಅವನನ್ನು ಕರೆಯುವುದೇ ಮರೀತೀವಿ.

ಆಗ ನೆನಪಾದದ್ದು ಗುಡಿಯ ಮೂಲಿಯಲ್ಲಿ ಧೂಳು ತಿನ್ನುತ್ತಿದ್ದ ನಮ್ಮ ಹಳೇ ಹಾರ್ಮೋನಿಯಂ. ಮೂರೂವರೆ ಸಪ್ತಕದ್ದು; ಮುತ್ಯಾನ ಕೆಳಗಿನ ಪಂಚಮ ಅದರಲ್ಲಿ ಇದೆ. ರೀಡು ಬೇಸೂರಾಗಿ, ಭಾತೆ ಹರಿದಿತ್ತೆಂದೇ ನಾವು ಅದನ್ನು ಬಿಟ್ಟಿದ್ದೆವು. ಅದಕ್ಕೆ ಕರೆಂಟೂ ಬ್ಯಾಡ, ಸೆಲ್ಲೂ ಬ್ಯಾಡ.

ಮಂಡಳಿಯಲ್ಲಿ ಹೀಂಗ ಹೇಳಿದೆ: ಹಾರ್ಮೋನಿಯಂ ಸೋಲಾಪುರಕ್ಕೆ ಒಯ್ದು ರಿಪೇರಿ ಮಾಡಿಸೋಣ. ಸಣ್ಣ ಕೀಬೋರ್ಡ್ ವಾಚನಾಲಯದಲ್ಲಿ ಇಡೋಣ, ಮಕ್ಕಳು ಕಲೀಲಿ. ಉಳಿದ ದುಡ್ಡು ಡಬ್ಬಿಯಲ್ಲೇ ಇರಲಿ. ಕೆಲವರು ಮುಖ ಸಣ್ಣದು ಮಾಡಿದರು. ಮುಂದೆ ಯಾರಾದರೂ ಸಣ್ಣ ಪಟ್ಟಿ ದಾಟಿ ಬೆಳೆದರೆ 61ರದ್ದು ಅವರ ಸಲುವಾಗಿ ತರೋಣ ಅಂದೆ.

ಹಾರ್ಮೋನಿಯಂ ಹೋದ ತಿಂಗಳು ವಾಪಸ್ ಬಂತು. ಮೊದಲ ದಿನ ಅದರ 'ಸಾ'ಕ್ಕೆ ತಬಲಾ ಹಚ್ಚಿಕೊಳ್ಳಲಾಕ ಹುಡುಗ ಅರ್ಧ ತಾಸು ತಗೊಂಡ. ಮುತ್ಯಾ ಬೈದರು. ಆದರೆ ಅವನು ಮುಗಿಸುವ ತನಕ ಹಾಡು ಶುರು ಮಾಡಲಿಲ್ಲ.