ಹಸಿವಿನ ಪರದೆ

ಬೇಸಿಗೆಯ ಒಂದು ಸಂಜೆ ಸಾವಳಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಮೋಟರ್ ಸೈಕಲ್ ಒಂದು ಬಂದು ನಿಂತಿತು. ಇಳಿದವನು ನನ್ನ ಹಳೆಯ ವಿದ್ಯಾರ್ಥಿ. ಅವನ ಹಿಂದೆ ಮಗಳು, ಅವಳ ಕಂಕುಳಲ್ಲೊಂದು ದಪ್ಪ ಚಿತ್ರದ ಪುಸ್ತಕ.

ಚಹಾ ಕುಡಿದ ಮೇಲೆ ಅವನು ಬಂದ ಕೆಲಸ ಹೇಳಿದ. "ಸರ್ರ, ಸೆಕೆಂಡ್ ಪಿ.ಯು.ಸಿ.ದಾಗ 89 ಪರ್ಸೆಂಟ್ ಮಾಡ್ಯಾಳ. ಇಂಜಿನಿಯರಿಂಗ್ ಸೀಟು ಸಿಗತೈತಿ. ಈಕಿ ನೋಡಿದ್ರ ಚಿತ್ರಾ ಕಲೀತೀನಿ ಅಂತ ಹಟಾ ಹಿಡದಾಳ. ನನಗ ಆವಾಗ ಹೇಳಿದ್ರಲ್ಲ, ಅದ ಮಾತ ಈಕಿಗೂ ಹೇಳ್ರಿ. ನಿಮ್ಮ ಮಾತಂದ್ರ ಕೇಳ್ತಾಳ."

ನನಗೆ ಆ ಮಾತು ಚೆನ್ನಾಗಿ ನೆನಪಿತ್ತು. 1996ರಲ್ಲಿ ಇವನು ಹತ್ತನೆಯ ತರಗತಿಯಲ್ಲಿದ್ದ. ನಾನು ಚಿತ್ರಕಲಾ ಶಿಕ್ಷಕ. ಮೂವತ್ತೇಳು ವರ್ಷದ ನೌಕರಿಯಲ್ಲಿ ನಾನು ಕಂಡ ಮಕ್ಕಳಲ್ಲಿ ಇವನಂತೆ ಗೆರೆ ಎಳೆಯುತ್ತಿದ್ದವರು ನಾಲ್ಕೈದು ಮಂದಿ ಮಾತ್ರ. ಎತ್ತು ಬರೆದರೆ ಅದರ ಭುಜದ ನೋವು ಕಾಣುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಅವನು ಬಂದು, ಕಲಾಶಾಲೆಗೆ ಹೋಗಲೇ ಎಂದು ಕೇಳಿದ. ಅವನ ತಾಯಿ ಬನಹಟ್ಟಿಯ ನೇಕಾರರ ಮನೆಯವಳು, ತಂದೆಗೆ ಎರಡು ಎಕರೆ ಒಣ ಭೂಮಿ. ನಾನು ಒಂದೇ ಮಾತಿನಲ್ಲಿ ಮುಗಿಸಿದೆ: "ಚಿತ್ರಾ ಬರದ್ರ ಹೊಟ್ಟಿ ತುಂಬೂದಿಲ್ಲೋ. ಐ.ಟಿ.ಐ. ಸೇರು." ಅವನು ಸೇರಿದ. ಇವತ್ತು ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಸ್ವಂತ ಮನೆ ಕಟ್ಟಿಸಿದ್ದಾನೆ. ಪ್ರತಿ ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಟ್ಟು ಕಾಲಿಗೆ ನಮಸ್ಕರಿಸಿ, "ನೀವು ದಾರಿ ತೋರಿಸಿದ್ರಿ ಸರ್ರ" ಎನ್ನುತ್ತಾನೆ. ಆಗೆಲ್ಲ ನನಗೆ ಮುಖ ಎತ್ತಲಾಗುವುದಿಲ್ಲ. ಏಕೆಂಬುದನ್ನು ಹೇಳಬೇಕಾದರೆ ಒಂದು ಬಟ್ಟೆಯ ಕತೆ ಹೇಳಬೇಕು.

1999ರಲ್ಲಿ ಕೆಲಸದ ಮೇಲೆ ಧಾರವಾಡಕ್ಕೆ ಹೋಗಿದ್ದೆ. ಅಲ್ಲಿ ಬೆಟಗೇರಿ ಕಡೆಯ ಒಬ್ಬ ಚಿತ್ರಕಲಾ ಶಿಕ್ಷಕರ ಸ್ನೇಹವಾಯಿತು. ಅವರು ಕ್ರೈಸ್ತರು. ಅವರ ಅಕ್ಕ ಜರ್ಮನಿಯಲ್ಲಿ ನರ್ಸ್ ಆಗಿದ್ದರು. ಒಂದು ರಾತ್ರಿ ಊಟಕ್ಕೆ ಕರೆದು, ಟ್ರಂಕಿನಿಂದ ಮಡಚಿದ ಬಟ್ಟೆಯೊಂದನ್ನು ತೆಗೆದು ಗೋಡೆಗೆ ತೂಗುಹಾಕಿದರು. ಬಟ್ಟೆಯ ತುಂಬ ಮುದ್ರಿಸಿದ ಚಿತ್ರ. ಬೈಬಲಿನ ಹೆಂಗಸರ ಕತೆಗಳಂತೆ. ಆದರೆ ನನ್ನ ಕಣ್ಣಿಗೆ ಅವರು ನಮ್ಮ ಕಡೆಯ ಹೆಂಗಸರಂತೆಯೇ ಕಂಡರು. "ಇದು ಜರ್ಮನಿಯ ಚರ್ಚುಗಳಲ್ಲಿ ತೂಗುಹಾಕಿದ ಬಟ್ಟೆ. ಬರೆದವರು ನಮ್ಮ ದೇಶದವರು, ಗೋವೆಯ ಲೂಸಿ ಡಿಸೋಜಾ. ಇದಕ್ಕೆ ಹಸಿವಿನ ಪರದೆ ಅಂತಾರೆ" ಎಂದರು.

ಹಸಿವಿನ ಪರದೆ! ಆ ಹೆಸರು ಕೇಳಿ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಅವರು ಆ ರಾತ್ರಿ ಹೇಳಿದ್ದು, ಮುಂದೆ ನಾನು ಓದಿ ತಿಳಿದದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಕ್ರೈಸ್ತರಿಗೆ ಈಸ್ಟರ್ ಹಬ್ಬಕ್ಕೆ ಮೊದಲು ನಲವತ್ತು ದಿನಗಳ ಉಪವಾಸದ ಕಾಲವಿದೆ. ನಮ್ಮಲ್ಲಿ ಶ್ರಾವಣ, ಮುಸಲ್ಮಾನರಲ್ಲಿ ರಂಜಾನ್ ಇದ್ದ ಹಾಗೆ. ಸುಮಾರು ಸಾವಿರ ವರ್ಷಗಳಿಂದ ಯುರೋಪಿನ ಕೆಲವು ಕಡೆ, ಆ ದಿನಗಳಲ್ಲಿ ಪೂಜೆಯ ವೇದಿಕೆ ಜನರಿಗೆ ಕಾಣದಂತೆ ದೊಡ್ಡ ಪರದೆ ಇಳಿಬಿಡುವ ಪದ್ಧತಿ ಬಂತು. ಹೊಟ್ಟೆಗಷ್ಟೇ ಅಲ್ಲ, ಕಣ್ಣಿಗೂ ಉಪವಾಸ ಎಂಬ ಭಾವ. ಬರಬರುತ್ತ ಆ ಪರದೆಯ ಮೇಲೆಯೇ ಬೈಬಲಿನ ಕತೆಗಳನ್ನು ಬರೆಯತೊಡಗಿದರು. ಅಕ್ಷರ ಬಾರದ ಜನಕ್ಕೆ ಅದೇ ಪುಸ್ತಕ. ಆಸ್ಟ್ರಿಯದ ಗುರ್ಕ್ ಎಂಬಲ್ಲಿ 1458ರ ಪರದೆಯೊಂದಿದೆ. ಅದರಲ್ಲಿ 99 ಚಿತ್ರಗಳು. ಜರ್ಮನಿಯ ಝಿಟಾವ್ ಊರಿನ 1472ರ ಪರದೆಯಲ್ಲಿ 90 ಚಿತ್ರಗಳು. ಎಂಟು ಮೀಟರಿಗಿಂತ ಎತ್ತರದ ಆ ಬಟ್ಟೆಯನ್ನು 1945ರಲ್ಲಿ, ಯುದ್ಧದ ಗಲಾಟೆಯಲ್ಲಿ, ಸೈನಿಕರು ತುಂಡು ಮಾಡಿ ಕಾಡಿನಲ್ಲಿ ಹಬೆ ಸ್ನಾನದ ಗುಡಿಸಲಿಗೆ ಹೊದಿಸಿದ್ದರಂತೆ. ಮುಂದೆ ಸ್ವಿಟ್ಜರ್ಲೆಂಡಿನ ಪರಿಣತರು ಆ ತುಂಡುಗಳನ್ನು ಜೋಡಿಸಿದರು. 1999ರಿಂದ ಅದೇ ಊರಿನ ಹಳೆಯ ಚರ್ಚಿನಲ್ಲಿ ಅದನ್ನು ನೋಡಬಹುದು.

ಜರ್ಮನ್ ಭಾಷೆಯಲ್ಲಿ ತೀರ ಬಡವನಾದವನನ್ನು "ಹಸಿವಿನ ಪರದೆ ಕಡಿಯುತ್ತಿದ್ದಾನೆ" ಎನ್ನುತ್ತಾರೆ. ಮೊದಲು ಅದು "ಪರದೆ ಹೊಲಿಯುತ್ತಿದ್ದಾನೆ" ಎಂದಿತ್ತು, ಆಡಿ ಆಡಿ ಹೀಗಾಯಿತು ಎಂದು ಬಲ್ಲವರ ವಿವರಣೆ. ಮಗ್ಗದ ಸದ್ದು ಕೇಳಿ ಬೆಳೆದ ರಬಕವಿ, ಬನಹಟ್ಟಿಯ ಜನಕ್ಕೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ನೇಯುವವನ ಮೈಮೇಲೆಯೇ ಬಟ್ಟೆ ಕಡಿಮೆ.

ಕಾಲ ಕಳೆದಂತೆ ಈ ಪದ್ಧತಿ ಬಹುಪಾಲು ಮರೆತುಹೋಗಿತ್ತು. ಇದಕ್ಕೆ ಹೊಸ ಜೀವ ಕೊಟ್ಟದ್ದು ಮಿಸೆರಿಯೋರ್ ಎಂಬ ಸಂಸ್ಥೆ. ಜರ್ಮನಿಯ ಕೆಥೊಲಿಕ್ ಬಿಷಪ್ಪರು 1958ರಲ್ಲಿ ಹಸಿವು ಮತ್ತು ರೋಗದ ವಿರುದ್ಧ ಕಟ್ಟಿದ ಸಂಸ್ಥೆ ಇದು; ಆಖೆನ್ ನಗರದಲ್ಲಿ ಇದರ ಕಚೇರಿ. ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕಗಳ ಬಡವರಿಗೆ ಜಾತಿ ಧರ್ಮ ಕೇಳದೆ ನೆರವಾಗುವುದು ಇದರ ಕೆಲಸ. 1976ರಲ್ಲಿ ಇವರಿಗೊಂದು ಯೋಚನೆ ಬಂತು. ಹಸಿವಿನ ಪರದೆಯನ್ನು ಮತ್ತೆ ತೂಗುಹಾಕೋಣ, ಆದರೆ ಚಿತ್ರ ಬರೆಯುವವರು ನಮ್ಮವರಾಗುವುದು ಬೇಡ, ಬಡ ದೇಶಗಳ ಕಲಾವಿದರಿಂದ ಬರೆಸೋಣ ಎಂದು. ಮೊಟ್ಟಮೊದಲ ಪರದೆಗೆ ಅವರು ಕೇಳಿದ್ದು ಭಾರತದ ಜ್ಯೋತಿ ಸಾಹಿಯವರನ್ನು.

ಸಾಹಿ 1944ರಲ್ಲಿ ಪುಣೆಯಲ್ಲಿ ಹುಟ್ಟಿದವರು. ಲಂಡನ್ನಿನಲ್ಲಿ ಕಲೆ ಕಲಿತು ಬಂದು, ಬೆಂಗಳೂರಿನ ಹೊರಗೆ ಸಿಲ್ವೇಪುರ ಎಂಬ ಹಳ್ಳಿಯಲ್ಲಿ ನೆಲೆ ನಿಂತರು. 1980ರ ದಶಕದಲ್ಲಿ ಅಲ್ಲೊಂದು ಕಲಾ ಆಶ್ರಮ ಕಟ್ಟಿದರು. ಚರ್ಚುಗಳು ಕೇಳಿದ ಚಿತ್ರ, ಕೆತ್ತನೆ, ಕಟ್ಟಡದ ವಿನ್ಯಾಸ ಮಾಡುತ್ತ, ಜೊತೆಗೆ ಬಂದವರಿಗೆ ಕಲಿಸುತ್ತ, ಯೇಸುವಿನ ಕತೆಯನ್ನು ಮರ, ನೀರು, ದೀಪ ಎಂಬ ನಮ್ಮ ನೆಲದ ಗುರುತುಗಳಲ್ಲಿ ಹೇಳಿದರು. ಹೀಗೆ ಹುಡುಕುತ್ತಿದ್ದವರು ಅವರೊಬ್ಬರೇ ಅಲ್ಲ. 1978ರಲ್ಲಿ ಜಪಾನಿನ ಮಸಾವೊ ತಕೆನಕ ಅವರ ಮುಂದಾಳತ್ವದಲ್ಲಿ ಏಷ್ಯದ ಕ್ರೈಸ್ತ ಕಲಾವಿದರ ಸಂಘವೇ ಹುಟ್ಟಿತು. 1990ರ ಪರದೆ ಬರೆದ ಲೂಸಿ ಡಿಸೋಜಾ ಕೂಡ ಸಾಹಿಯವರ ಬಳಿ ಕಲಿತವರು. ನನ್ನ ಸ್ನೇಹಿತರ ಟ್ರಂಕಿನಲ್ಲಿ ಇದ್ದದ್ದು ಅದೇ.

ಇದು ನಡೆಯುವ ರೀತಿ ಸರಳ. ಕಲಾವಿದರು ಒಂದು ಮೂಲ ಚಿತ್ರ ಬರೆಯುತ್ತಾರೆ. ಅದನ್ನು ಬಟ್ಟೆಯ ಮೇಲೆ ಮುದ್ರಿಸಿ ಊರೂರಿನ ಚರ್ಚುಗಳಿಗೆ, ಶಾಲೆಗಳಿಗೆ ಕಳಿಸುತ್ತಾರೆ. ಉಪವಾಸದ ದಿನಗಳುದ್ದಕ್ಕೂ ಜನ ಅದರ ಮುಂದೆ ಕೂತು ನೋಡುತ್ತಾರೆ, ಮಕ್ಕಳು ಪ್ರಶ್ನೆ ಕೇಳುತ್ತಾರೆ. ಆ ಕಾಲದ ಐದನೆಯ ಭಾನುವಾರ ದೇಶದಾದ್ಯಂತ ಕೆಥೊಲಿಕ್ ಚರ್ಚುಗಳಲ್ಲಿ ಸಂಗ್ರಹವಾದ ಕಾಣಿಕೆ ಬಡವರ ಕೆಲಸಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಹೊಸ ಪರದೆ, ಹೊಸ ಕಲಾವಿದರು. ಅನ್ನ ಬಟ್ಟೆ ಕೇಳುವವರೆಂದು ಯಾರನ್ನು ಜಗತ್ತು ತಿಳಿದಿತ್ತೋ, ಅವರ ನಾಡಿನ ಕೈಯೇ ಅಲ್ಲಿ ಚಿತ್ರ ಕೊಟ್ಟಿತು. ನಮ್ಮ ಜಂಗಮರ ಜೋಳಿಗೆಯಲ್ಲೂ ಹೀಗೆಯೇ ಅಲ್ಲವೇ? ಬೇಡುವವನು ಬರಿಗೈಯಲ್ಲಿ ಬರುವುದಿಲ್ಲ, ಒಂದು ಮಾತು ಕೊಟ್ಟು ಹೋಗುತ್ತಾನೆ.

ಆ ರಾತ್ರಿ ಧಾರವಾಡದ ಲಾಡ್ಜಿನಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಚಿತ್ರದಿಂದ ಹೊಟ್ಟೆ ತುಂಬುವುದಿಲ್ಲ ಎಂದು ನಾನು ಹುಡುಗನಿಗೆ ಹೇಳಿ ಮೂರು ವರ್ಷವಾಗಿತ್ತು. ಚಿತ್ರದಿಂದ ಮತ್ತೊಬ್ಬರ ಹೊಟ್ಟೆಯೂ ತುಂಬಬಹುದೆಂದು ನನಗೆ ಗೊತ್ತೇ ಇರಲಿಲ್ಲ. ನಾನೇ ಹಾಲಭಾವಿಯವರ ಕಲಾಶಾಲೆಯಲ್ಲಿ ಕಲಿತವನು. ಕಲಿತು, ನೌಕರಿ ಸಿಕ್ಕು, ಪಗಾರ ಬಂದ ಮೇಲೆ ನನ್ನ ಸ್ವಂತಕ್ಕೆಂದು ಕುಂಚ ಹಿಡಿದದ್ದು ಬಹಳ ಕಡಿಮೆ. ಹುಡುಗನಿಗೆ ಹೇಳಿದ ಮಾತು ನಿಜಕ್ಕೂ ನನ್ನ ಬಗ್ಗೆ ನಾನೇ ಕೊಟ್ಟುಕೊಂಡ ಸಬೂಬಾಗಿತ್ತು.

ಮುಂದೆ 2019ರ ಆಗಸ್ಟ್ ಬಂತು. ಕೃಷ್ಣೆ ಉಕ್ಕಿ ಜಮಖಂಡಿ ತಾಲ್ಲೂಕಿನ ದಂಡೆಯ ಹಳ್ಳಿಗಳ ಜನ ದನಕರು ಕಟ್ಟಿಕೊಂಡು ಪರಿಹಾರ ಕೇಂದ್ರ ಸೇರಿದರು. ನಮ್ಮ ಕಡೆ ಕೂಡಿ ಕೊಡುವುದು ಹೊಸದಲ್ಲ. 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಹಾಕಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡ ಸೀಮೆ ಇದು. ಶ್ರಮಬಿಂದು ಸಾಗರ ಎಂಬ ಹೆಸರೇ ಆ ಕತೆ ಹೇಳುತ್ತದೆ. ಕೊಡಲು ನನ್ನ ಬಳಿ ಏನಿದೆ ಎಂದು ಯೋಚಿಸಿದಾಗ ಆ ಟ್ರಂಕಿನ ಬಟ್ಟೆ ನೆನಪಾಯಿತು.

ಬನಹಟ್ಟಿಯಿಂದ ಹನ್ನೆರಡು ಮೊಳ ಬಿಳಿ ಬಟ್ಟೆ ತರಿಸಿದೆ. ಚೌಕ ಗೆರೆ ಹಾಕಿ, ಒಂದೊಂದು ಮಗುವಿಗೆ ಒಂದೊಂದು ಮನೆ ಕೊಟ್ಟೆ. "ನೀವು ಕಂಡದ್ದು, ಕೇಳಿದ್ದು ಬರೀರಿ" ಎಂದೆ. ಸಂತೆಯ ದಿನ ಅದನ್ನು ಎರಡು ಬಿದಿರಿಗೆ ಕಟ್ಟಿ ನಿಲ್ಲಿಸಿ, ಕೆಳಗೆ ಡಬ್ಬಿ ಇಟ್ಟೆವು. ಸಂಜೆಗೆ 11,340 ರೂಪಾಯಿ ಮತ್ತು ಎರಡು ಚೀಲ ಜೋಳ ಕೂಡಿತು. ಕೇಂದ್ರದಲ್ಲಿದ್ದ ಮಕ್ಕಳಿಗೆ ಹೊದಿಕೆ, ಪಾಟಿ, ನೋಟುಬುಕ್ಕು ಕೊಟ್ಟು ಬಂದೆವು. ದೊಡ್ಡ ದಾನವೇನಲ್ಲ. ಆದರೆ ಒಂದು ಚೌಕದ ಮುಂದೆ ಮಾತ್ರ ಜನ ನಿಂತೇ ನಿಂತರು. ನೀರು ಏರುತ್ತಿದೆ, ಮುದುಕಿಯೊಬ್ಬಳ ಕೈ ಎಮ್ಮೆಯ ಕಣ್ಣಿ ಬಿಚ್ಚುತ್ತಿದೆ. ಮುಖ ಇಲ್ಲ, ಬರೀ ಕೈ ಮತ್ತು ಕಣ್ಣಿ. ಬರೆದವಳು ಆರನೆಯ ತರಗತಿಯ ಹುಡುಗಿ, ಇದೇ ನನ್ನ ಹಳೆಯ ವಿದ್ಯಾರ್ಥಿಯ ಮಗಳು.

ಕಟ್ಟೆಯ ಮೇಲೆ ಅವನು ನನ್ನ ಉತ್ತರಕ್ಕೆ ಕಾಯುತ್ತಿದ್ದ. "ಯಾವಾಗಿಂದವಾ ಈ ಹಟಾ?" ಎಂದು ಹುಡುಗಿಯನ್ನು ಕೇಳಿದೆ.

"ಆ ಬಟ್ಟಿ ಬರದಾಗಿಂದರಿ ಸರ್" ಎಂದಳು.

"ನೋಡ್ರಿ, ಎಲ್ಲಾ ನಿಮ್ಮಿಂದನ ಆಗೇತಿ" ಎಂದು ಅಪ್ಪ ನಕ್ಕ. ನಗುವಿನಲ್ಲಿ ಸ್ವಲ್ಪ ಸಿಟ್ಟೂ ಇತ್ತು.

ಪಾಲಕರೇ, ಇಲ್ಲಿ ನಾನು ಸಿಹಿ ಮಾತು ಹೇಳಿ ಜಾರಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಹುಡುಗಿಗೆ ಮೊದಲು ಕಷ್ಟದ್ದನ್ನೇ ಹೇಳಿದೆ. ದೃಶ್ಯಕಲೆಯ ಪದವಿಗೆ ನಾಲ್ಕು ವರ್ಷ ಬೇಕು. ಬಣ್ಣ, ಕಾಗದ, ಹಾಸ್ಟೆಲ್ ಎಂದು ಖರ್ಚು ಇದೆ. ಮುಗಿಸಿದ ಕೂಡಲೇ ಯಾರೂ ನೌಕರಿ ಇಟ್ಟುಕೊಂಡು ಕಾಯುವುದಿಲ್ಲ. ಸೀರೆಯ ಅಂಚು, ಪುಸ್ತಕದ ಚಿತ್ರ, ಶಾಲೆಯ ಪಾಠ, ಕಂಪ್ಯೂಟರ್ ಮೇಲಿನ ವಿನ್ಯಾಸ ಹೀಗೆ ದಾರಿಗಳಿವೆ. ಆದರೆ ಪ್ರತಿಯೊಂದನ್ನೂ ತಾನೇ ತುಳಿದು ಮಾಡಿಕೊಳ್ಳಬೇಕು. ಪರದೆ ಬರೆದ ಕಲಾವಿದರೂ ವರ್ಷಗಟ್ಟಲೆ ದುಡಿದ ಮೇಲೆಯೇ ಯಾರೋ ಅವರ ಬಾಗಿಲು ತಟ್ಟಿದ್ದು. ಇದನ್ನೆಲ್ಲ ಕೇಳಿ ಅವಳ ಮುಖ ಬಾಡಲಿಲ್ಲ. ಪುಸ್ತಕ ತೆರೆದು ತೋರಿಸಿದಳು. ದಿನಕ್ಕೊಂದು ಹಾಳೆ, ತಾರೀಖು ಸಮೇತ. ಪರೀಕ್ಷೆಯ ದಿನಗಳಲ್ಲೂ ತಪ್ಪಿಸಿರಲಿಲ್ಲ.

ಆಮೇಲೆ ಅಪ್ಪನ ಕಡೆ ತಿರುಗಿದೆ. "ತಮ್ಮಾ, 1996ರಾಗ ನಿನಗ ಹೇಳಿದ ಮಾತು ಈಕಿಗೆ ಹೇಳಾಕ ನನ್ನ ಕಡೆ ಆಗೂದಿಲ್ಲ. ಅದು ನಿನ್ನ ಕೈ ನೋಡಿ ಹೇಳಿದ ಮಾತಲ್ಲ, ನನ್ನ ಹೆದರಿಕಿ ನಿನ್ನ ತಲಿ ಮ್ಯಾಲ ಇಟ್ಟಿದ್ದೆ. ನಿನ್ನ ಬದುಕು ಚಲೋ ಆತು, ಅದು ನಿನ್ನ ದುಡಿಮಿ. ಆದ್ರ ನನ್ನ ತಪ್ಪು ತಪ್ಪ."

ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ನಾ ಈಗೂ ಮಶಿನ್ ಬಿಚ್ಚೂಕಿಂತ ಮೊದಲ ನೆಲದ ಮ್ಯಾಲ ಚಾಕ್‌ಪೀಸಲೆ ಅದರ ಚಿತ್ರಾ ತಗೀತೀನ್ರಿ ಸರ್ರ. ಹುಡುಗರು ನಗತಾರ. ಆದ್ರ ಹಂಗ ತಗದ್ರನ ನನಗ ಅದರ ಒಳಗ ತಿಳೀತೈತಿ" ಎಂದ.

ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಈ ಸಂಗತಿ ಅವಳಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಅವತ್ತು ಏನೂ ತೀರ್ಮಾನವಾಗಲಿಲ್ಲ. ಇಂಜಿನಿಯರಿಂಗ್ ಅರ್ಜಿಯನ್ನೂ ಹಾಕಿ ಇಡುವುದು, ಅದರ ನಡುವೆ ಒಂದು ದಿನ ಧಾರವಾಡಕ್ಕೆ ಹೋಗಿ ಕಲಾಶಾಲೆಯ ಮಕ್ಕಳೊಡನೆ, ಅವರ ಪಾಲಕರೊಡನೆ ಮಾತಾಡಿ ಬರುವುದು ಎಂದಷ್ಟೇ ಮಾತಾಯಿತು. ಮುಂದಿನದು ಅವರ ಮನೆಯ ವಿಚಾರ. ನಾನು ಒಮ್ಮೆ ಮತ್ತೊಬ್ಬರ ಮನೆಯ ತೀರ್ಮಾನ ಒಂದೇ ವಾಕ್ಯದಲ್ಲಿ ಮಾಡಿದವನು. ಎರಡನೆಯ ಸಲ ಮಾಡಲಾರೆ.

ಎದ್ದು ಹೊರಟವನು ಬಾಗಿಲಲ್ಲಿ ನಿಂತ. "ಆ ಬಟ್ಟಿ ಎಲ್ಲೈತ್ರಿ ಸರ್ರ?"

ಒಳಗಿನ ಟ್ರಂಕಿನಿಂದ ತಂದೆ. ಡಾಂಬರು ಗುಳಿಗೆಯ ವಾಸನೆ. ಪಡಸಾಲೆಯಲ್ಲಿ ಹಾಸಿ, ಮಡಿಕೆ ಬಿಚ್ಚುತ್ತ ಹೋದೆವು. ಅವನು ಚಪ್ಪಲಿ ಬಿಟ್ಟು ಬಂದು, ಮಗಳ ಚೌಕದ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಕಣ್ಣಿಯ ಗಂಟಿನ ಮೇಲೆ ಬೆರಳಾಡಿಸಿ, "ಈ ಗಂಟು ಬರೋಬ್ಬರಿ ಹಾಕ್ಯಾಳ ನೋಡ್ರಿ" ಎಂದ.