ಬೈಪಾಸಿನಿಂದಾಚೆ

ಒಬ್ಬ ಮೆಕ್ಯಾನಿಕ್ ತನ್ನ ಜೀವಮಾನದಲ್ಲಿ ಎಷ್ಟು ಕಾರು ಓಡಿಸಿರುತ್ತಾನೆ? ಲೆಕ್ಕ ಹಾಕಿದರೆ ಊರಿನ ಯಾವ ಧಣಿಗಿಂತಲೂ ಹೆಚ್ಚು. ಎಷ್ಟು ದೂರ ಹೋಗಿರುತ್ತಾನೆ? ಬೈಪಾಸಿನ ತನಕ. ಗ್ಯಾರೇಜಿನ ಮಾತಲ್ಲಿ ಅದಕ್ಕೆ ಟ್ರಯಲ್ ಅಂತಾರೆ. ಬ್ರೇಕು ಹಿಡೀತದಾ, ಗೇರು ಬೀಳ್ತದಾ, ಗಾಡಿ ಒಂದು ಕಡೆಗೆ ಎಳೀತದಾ ಅಂತ ನೋಡಿಕೊಂಡು ವಾಪಸ್ ಬರಬೇಕು. ಆಮೇಲೆ ಕೀ ಇನ್ನೊಬ್ಬರದು, ದಾರಿ ಇನ್ನೊಬ್ಬರದು. ನನ್ನ ಸೋದರಮಾವ ತುಮಕೂರಿನ ಅಂಚಿನ ಒಂದು ತಗಡಿನ ಶೆಡ್ಡಿನಿಂದ ಮೂವತ್ತೆಂಟು ವರ್ಷ ಹೀಗೆ ಟ್ರಯಲ್ ಹೋಗಿದ್ದಾನೆ, ಬಂದಿದ್ದಾನೆ.

ಈಗ ಅವನದೇ ಒಂದು ಕಾರು ಇದೆ. 1978ರ ಅಂಬಾಸಿಡರ್, ಮಾರ್ಕ್ ತ್ರೀ. ಒಂದು ಕಚೇರಿಯ ಹರಾಜಿನಲ್ಲಿ ಗುಜರಿಯವನು ಹಿಡಿದಿದ್ದ. ಅವನು ತುಂಡು ಮಾಡುವ ಮುಂಚೆ ಮಾವ ಕಾಗದಪತ್ರದ ಸಮೇತ ಬಿಡಿಸಿಕೊಂಡು ಬಂದ. ಏಳು ವರ್ಷ ಭಾನುವಾರ ಭಾನುವಾರ ಕೂತು ಅದನ್ನು ಎಬ್ಬಿಸಿದ. ತಳದ ತಗಡು ತುಕ್ಕು ತಿಂದು ರಸ್ತೆ ಕಾಣುತ್ತಿತ್ತು, ಅದನ್ನು ಕತ್ತರಿಸಿ ಹೊಸದು ಬೆಸೆದ. ಬಣ್ಣಕ್ಕೆ ಬಂದಾಗ ನಾನು, "ಬೇರೆ ಯಾವುದಾದ್ರೂ ಹೊಡ್ಸು ಮಾವ, ಬಿಳೀದು ಸಾಕಾಗಿದೆ" ಅಂದೆ.

"ಬಿಳೀದೇ ಇರ್ಲಿ ಕಣ್ಲಾ ಅಳಿಯ. ಅದೇ ಬಿಳೀ ಕಾರಿನ ಹಿಂದಿನ ಸೀಟಲ್ಲಿ ಅವ್ವನ್ನ ಕೂರಿಸ್ಬೇಕು ನಾನು."

ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಟ್ಟಿಗೆ ಬಿಳೀ ಅಂಬಾಸಿಡರ್ ಬಂತು ಅಂದರೆ ಓಟಿಗೆ ಬಂತು, ಇಲ್ಲವೆ ಯಾರನ್ನೋ ವಿಚಾರಿಸೋಕೆ ಬಂತು. ಏರಿಯ ಮೇಲೆ ಧೂಳು ಎದ್ದದ್ದು ಕಂಡ ಕೂಡಲೇ ಅಜ್ಜಿ ಮಕ್ಕಳನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದಳಂತೆ. ಕಾರಿನ ಒಳಗಡೆ ಹೇಗಿರುತ್ತೆ ಅಂತ ಅವಳು ನೋಡಿದ್ದು ಮಾವನ ಗ್ಯಾರೇಜಿನಲ್ಲೇ, ಅದೂ ಸೀಟೆಲ್ಲ ಬಿಚ್ಚಿ ಹಾಕಿದ್ದಾಗ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅನ್ನೋ ಕಾರಿನ ಅಚ್ಚನ್ನೇ ತಂದು ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ಇದನ್ನು ಮಾಡಿದರು. ಅಷ್ಟು ವರ್ಷವೂ ಅದು ಮಂತ್ರಿಯ ಕಾರು, ಸಾಹೇಬರ ಕಾರು. ನೆತ್ತಿಯ ಮೇಲಿನ ಕೆಂಪು ದೀಪವನ್ನು ಸರ್ಕಾರ ತೆಗೆಸಿದ್ದು 2017ರ ಮೇ 1ರಂದು. ಆ ಹೊತ್ತಿಗೆ ಕಾರೇ ನಿಂತು ಹೋಗಿತ್ತು.

ಅಜ್ಜಿ ಸಮುದ್ರ ನೋಡಿಲ್ಲ. ಅದಕ್ಕೇ ಕನ್ಯಾಕುಮಾರಿ ಅಂತ ತೀರ್ಮಾನ ಆಯಿತು. ತುಮಕೂರಿನಿಂದ ಬೆಂಗಳೂರು, ಅಲ್ಲಿಂದ 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ, ದಿಂಡಿಗಲ್, ಮಧುರೆ, ತಿರುನೆಲ್ವೇಲಿ. ಒಂದು ಕಡೆಗೇ ಏಳುನೂರು ಕಿಲೋಮೀಟರಿಗೂ ಮೇಲೆ. ಅಜ್ಜಿ, ಮಾವ, ಅತ್ತೆ, ಅವರ ಮಗಳು, ನಾನು. ಐದು ಜನ. ನಾನು ದಿನ ಕೇಳಿದೆ. ಮಾವ, "ಎರಡು ತಿಂಗಳು ಬೇಕು" ಅಂದ. ಕಾರು ರೆಡಿ ಇದೆಯಲ್ಲ ಅಂದರೆ ನಕ್ಕ. "ಎಬ್ಬಿಸೋದು ಬೇರೆ, ಹೊರಡ್ಸೋದು ಬೇರೆ. ಮದ್ವೆ ಮಂಟಪದ ಮುಂದೆ ನಿಲ್ಲೋ ಕಾರಿಗೆ ಬಣ್ಣ ಇದ್ರೆ ಸಾಕು."

ಪೇಟೆಯಲ್ಲಿ ಹಳೇ ಕಾರಿನ ಜಾತ್ರೆ ನಡೆಯುತ್ತದೆ. ನಾನು ಒಂದೆರಡು ನೋಡಿದ್ದೇನೆ. ಕ್ರೋಮಿಯಂ ಫಳಫಳ, ಪಕ್ಕದಲ್ಲಿ ಮಾಲೀಕರ ಫೋಟೋ. ಇವರು ರಿಸ್ಟೋರ್ ಮಾಡಿದರು ಅಂತ ಬೋರ್ಡು. ಮಾಡಿದ ಕೈಗಳು ಎಲ್ಲಿ ಅಂತ ನೋಡಿದರೆ ಹಿಂದುಗಡೆ ಮರದ ಕೆಳಗೆ ಪಾನಾ ಚೀಲ ಇಟ್ಟುಕೊಂಡು ಕೂತಿರುತ್ತವೆ, ಗಾಡಿ ಸ್ಟಾರ್ಟ್ ಆಗದಿದ್ದರೆ ಕರೆದಾರು ಅಂತ. ಇರಲಿ.

ಮಾವ ಹೇಳುತ್ತಾ ಹೋದ, ನಾನು ಬರೆದುಕೊಳ್ಳುತ್ತಾ ಹೋದೆ. ಮನೆಯಲ್ಲಿ ಬಿ.ಎ. ಮಾಡಿದವನು ನಾನೊಬ್ಬನೇ. ಅದಕ್ಕೇ ಈ ಗುಮಾಸ್ತಿಕೆ.

ಮೊದಲ ಸಾಲು ಪೆಟ್ರೋಲಿನದು. 2025ರ ಹೊತ್ತಿಗೆ ಬಂಕಿನ ಮಾಮೂಲಿ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬಂದಿದೆ. ಎಥನಾಲಿಗೂ ಹಳೇ ರಬ್ಬರಿಗೂ ಆಗಿಬರುವುದಿಲ್ಲ. ಪೈಪು ಊದಿಕೊಳ್ಳುತ್ತೆ, ಬಿರಿಯುತ್ತೆ, ತೊಟ್ಟಿಕ್ಕುತ್ತೆ. ತೊಟ್ಟಿಕ್ಕುವ ಜಾಗದ ಪಕ್ಕದಲ್ಲೇ ಕಾದ ಸೈಲೆನ್ಸರ್ ಕೊಳವೆ. ಬೆಂಕಿ ಬೀಳೋಕೆ ಇನ್ನೇನು ಬೇಕು? ಟ್ಯಾಂಕಿನಿಂದ ಕಾರ್ಬುರೇಟರ್ ತನಕ ಇದ್ದ ರಬ್ಬರ್ ತುಂಡುಗಳನ್ನೆಲ್ಲ ತೆಗೆದು ಎಥನಾಲ್ ತಡೆಯುವ ಪೈಪು ಹಾಕಿದ. ಪೆಟ್ರೋಲ್ ಪಂಪಿನ ಡಯಾಫ್ರಾಮೂ ಬದಲಾಯಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತೆ, ಟ್ಯಾಂಕಿನೊಳಗಿನ ಹಳೇ ಕಿಲುಬನ್ನು ಎಬ್ಬಿಸಿಕೊಂಡು ಬರುತ್ತೆ. ಹಾಗಾಗಿ ಟ್ಯಾಂಕು ಇಳಿಸಿ, ಒಳಗೆ ಒಂದು ಹಿಡಿ ಜಲ್ಲಿ ಹಾಕಿ, ನಾನೊಂದು ಕಡೆ ಮಾವನೊಂದು ಕಡೆ ಹಿಡಿದು ಅಲ್ಲಾಡಿಸಿದೆವು. ಅರ್ಧ ದಿನ. ಕೆಂಪು ನೀರು ತಿಳಿಯಾಗುವ ತನಕ ತೊಳೆದು ಒಣಗಿಸಿ, ದಾರಿಯಲ್ಲಿ ಕಣ್ಣಿಗೆ ಕಾಣುವಂಥ ಒಂದು ಗಾಜಿನ ಫಿಲ್ಟರ್ ಕೂರಿಸಿದ. ಜೊತೆಗೆ ಇನ್ನೆರಡು ಡಿಕ್ಕಿಗೆ.

ಆಮೇಲೆ ಇಂಜಿನ್ನಿನ ತಲೆ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂತು. ಗಾಳಿಗೆ ಅದು ಒಳ್ಳೆಯದೇ ಆಯಿತು. ಆದರೆ ಆ ಕಾಲದ ಇಂಜಿನ್ನಿನ ವಾಲ್ವು ಕೂರುವ ಸೀಟಿಗೆ ಸೀಸವೇ ಮೆತ್ತೆಯಾಗಿತ್ತು. ಅದಿಲ್ಲದೆ ಸೀಟು ಸವೆಯುತ್ತೆ, ವಾಲ್ವು ಒಳಕ್ಕೆ ಹೋಗುತ್ತೆ, ಟಾಪೆಟ್ ಸಂದು ಕಮ್ಮಿಯಾಗುತ್ತೆ, ವಾಲ್ವು ಸರಿಯಾಗಿ ಮುಚ್ಚದೆ ಸುಟ್ಟು ಹೋಗುತ್ತೆ. ಮಾವ ಹೆಡ್ಡನ್ನು ಲೇತ್ ಅಂಗಡಿಗೆ ಒಯ್ದು ಗಟ್ಟಿ ಸೀಟು ಕೂರಿಸಿಕೊಂಡು ಬಂದ. ಟಾಪೆಟ್ ಇಡುವಾಗ ನಾನು ಎಣ್ಣೆ ಹತ್ತಿದ ಇಂಗ್ಲಿಷ್ ಪುಸ್ತಕದ ಜೆರಾಕ್ಸ್ ನೋಡಿ, "ಅಂಗುಲದ ಸಾವಿರ ಪಾಲಿನಲ್ಲಿ 15" ಅಂತ ಓದಿದೆ. ಮಾವ ಆಗಲೇ ಆ ಅಳತೆಯ ಗೇಜನ್ನೇ ಸಂದಿಗೆ ಹಾಕಿ ಎಳೆಯುತ್ತಿದ್ದ. ಸ್ವಲ್ಪ ಕಟಕಟ ಸದ್ದು ಬಂತು. ಸದ್ದು ಬರುತ್ತಲ್ಲ ಅಂದೆ.

"ಸದ್ದು ಮಾಡೋ ಟಾಪೆಟ್ ಸುಡಲ್ಲ ಕಣೋ. ಇದ್ದಕ್ಕಿದ್ದಂಗೆ ಸುಮ್ಕಾಯ್ತು ಅಂದ್ರೆ ಆಗ ಭಯ ಬೀಳ್ಬೇಕು."

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಾಲೇಜಿನ ಕಡೆಯ ಮಿತ್ರರು ಗ್ಯಾರೇಜಿಗೆ ಬಂದರೆ ಮಾವನ ಕೈ ನೋಡಿ ಬೆರಗಾಗುತ್ತಾರೆ. ಎಲ್ಲ ಅಂದಾಜಿನಲ್ಲೇ ಮಾಡ್ತಾರೆ, ಎಂಥಾ ಅನುಭವ ಅನ್ನುತ್ತಾರೆ. ಹೊಗಳಿಕೆಯೇ ಇರಬಹುದು, ನನಗೆ ಮೈ ಉರಿಯುತ್ತೆ. ಮಾವ ಅಂದಾಜಿನ ಮನುಷ್ಯ ಅಲ್ಲ. ಅವನ ಹತ್ತಿರ ಅಳತೆ ಇದೆ, ಕಾರಣ ಇದೆ, ಪರೀಕ್ಷೆ ಇದೆ. ಯಾವ ಬೋಲ್ಟು ಯಾವುದಾದ ಮೇಲೆ ಬಿಗಿಯಬೇಕು ಅನ್ನುವ ಕ್ರಮ ಇದೆ. ಇದೇ ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳಿದವನಿಗೆ ಇಂಜಿನಿಯರ್ ಅಂತಾರೆ, ಮಾವನದು ಮಾತ್ರ ಅನುಭವ. ನಮ್ಮವರ ವಿದ್ಯೆಗೆ ವಿದ್ಯೆ ಅನ್ನುವ ಹೆಸರು ಕೊಡದೇ ಇರುವುದಕ್ಕೆ ಎಷ್ಟು ಚೆಂದದ ಪದಗಳನ್ನು ಹುಡುಕಿಕೊಂಡಿದ್ದಾರೆ ನೋಡಿ!

ಬ್ರೇಕಿನ ಪುಟ ಬರೆಯುವಾಗ ನಮ್ಮಿಬ್ಬರ ನಡುವೆ ಮಾತು ಕಮ್ಮಿಯಾಯಿತು. ಧರ್ಮಪುರಿ ದಾಟಿ ಸೇಲಂ ಕಡೆಗೆ ಇಳಿಯುವಾಗ ತೊಪ್ಪೂರು ಘಾಟಿ ಸಿಗುತ್ತೆ. ಉದ್ದನೆಯ ಇಳಿಜಾರು. ಲಾರಿಗಳು ಬ್ರೇಕು ಕಳಕೊಂಡು ಮುಂದಿದ್ದವರ ಮೇಲೆ ಹೋದ ಸುದ್ದಿ ಅಲ್ಲಿಂದ ಮತ್ತೆ ಮತ್ತೆ ಬರುತ್ತದೆ. ನಮ್ಮ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ಮೇ. ಬ್ರೇಕು ಒತ್ತೇ ಒತ್ತಿದರೆ ಡ್ರಮ್ಮು ಕಾಯುತ್ತೆ, ಕಾದ ಡ್ರಮ್ಮು ಹಿಗ್ಗುತ್ತೆ, ಲೈನಿಂಗ್ ಹಿಡಿತ ಬಿಡುತ್ತೆ. ಹಳೇ ಬ್ರೇಕ್ ಎಣ್ಣೆಯಲ್ಲಿ ನೀರು ಸೇರಿದ್ದರೆ ಅದು ಕುದಿದು ಆವಿಯಾಗುತ್ತೆ, ಪೆಡಲ್ಲು ನೆಲಕ್ಕೆ ಹೋಗುತ್ತೆ. ಈಗಿನ ಕಾರಿನ ಹಾಗೆ ಬ್ರೇಕಿಗೆ ಎರಡು ದಾರಿ ಇದರಲ್ಲಿಲ್ಲ. ಒಂದು ಪೈಪು ಒಡೆದರೆ ನಾಲ್ಕೂ ಚಕ್ರ ಹೋದವು, ಉಳಿಯುವುದು ಹ್ಯಾಂಡ್ ಬ್ರೇಕು. ಹಿಂದಿನ ಸೀಟಿನಲ್ಲಿ ಅಜ್ಜಿ, ಪುಟ್ಟ ಹುಡುಗಿ.

ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್‌ಗಳ ಬಕೆಟ್ಟುಗಳೆಲ್ಲ ಹೊಸವು. ಲೋಹದ ಪೈಪುಗಳೂ, ಚಕ್ರದ ಹತ್ತಿರದ ರಬ್ಬರ್ ಹೋಸುಗಳೂ ಹೊಸವು. ನಾನು ಒಳಗೆ ಕೂತು ಪೆಡಲ್ಲು ಒತ್ತುವುದು, ಮಾವ ಕೆಳಗೆ ಮಲಗಿ ನಿಪ್ಪಲ್ಲು ಬಿಟ್ಟು ಗಾಳಿ ತೆಗೆಯುವುದು. ಹಿಡಿ, ಬಿಡು, ಹಿಡಿ, ಬಿಡು. ಒಂದು ಗುಳ್ಳೆಯೂ ಉಳಿಯದ ತನಕ.

ಡ್ರಮ್ಮು ಬಿಚ್ಚಿದಾಗ ಒಳಗೆ ಬೂದಿಯಂಥ ಪುಡಿ ಇರುತ್ತೆ. ಗ್ಯಾರೇಜಿನ ಹುಡುಗ ಗಾಳಿ ಪೈಪು ತಂದು ಊದಲು ಹೋದ. ಮಾವ ಪೈಪು ಕಿತ್ತುಕೊಂಡು ಬೈದ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿದ. ಹಳೇ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಅದರ ನಾರು ಎದೆಗೆ ಹೋದರೆ ಹೊರಗೆ ಬರುವುದಿಲ್ಲ, ಎಷ್ಟೋ ವರ್ಷದ ಮೇಲೆ ಶ್ವಾಸಕೋಶ ಗಟ್ಟಿಯಾಗುತ್ತೆ, ಕ್ಯಾನ್ಸರೂ ಬರುತ್ತೆ. ಮಾವನಿಗೆ ಪಾನಾ ಹಿಡಿಯಲು ಕಲಿಸಿದ ಉಸ್ತಾದ್ ನಲವತ್ತು ವರ್ಷ ಆ ಪುಡಿಯನ್ನು ಬಾಯಲ್ಲೇ ಊದಿದವರು. ಹನ್ನೊಂದು ವರ್ಷದ ಹಟ್ಟಿ ಹುಡುಗನನ್ನು ಒಳಗೆ ಕರೆದು, ತಮ್ಮ ಡಬ್ಬಿಯ ಅನ್ನದಲ್ಲಿ ಅರ್ಧ ಕೊಟ್ಟು ಕೆಲಸ ಹೇಳಿಕೊಟ್ಟವರು. ಕೊನೆಗಾಲದಲ್ಲಿ ಶೆಡ್ಡಿನ ಬಾಗಿಲಿನಿಂದ ಬೀದಿಯ ನಲ್ಲಿಯ ತನಕ ನಡೆಯಲು ಮೂರು ಸಲ ಕೂರುತ್ತಿದ್ದರು. ಆಸ್ಪತ್ರೆಯಲ್ಲಿ ಬೀಡಿ ಬಿಡಿ ಅಂದರಂತೆ. ಉಸ್ತಾದ್ ಬೀಡಿ ಸೇದುತ್ತಿರಲಿಲ್ಲ. ಏನು ಕೆಲಸ ಮಾಡ್ತೀರಿ ಅಂತ ಯಾರೂ ಕೇಳಲಿಲ್ಲ.

ಮಾವನ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಇದೆ: "ಡ್ರಮ್ಮು ಊದಬಾರದು." ದಪ್ಪ ಅಕ್ಷರದಲ್ಲಿ ಬರಿ ಅಂದ. ಬರೆದೆ. ಈಗ ಅದು ಗ್ಯಾರೇಜಿನ ಗೋಡೆಯ ಮೇಲೂ ಇದೆ.

ಮಿಕ್ಕದ್ದು ಬೇಗ ಆಯಿತು. ರೇಡಿಯೇಟರನ್ನು ಬಿಚ್ಚಿ ಕೊಳವೆಗಳಿಗೆ ಕಡ್ಡಿ ಹೊಡೆಸಿ, ಹೋಸು, ಕ್ಲಿಪ್ಪು, ಫ್ಯಾನ್ ಬೆಲ್ಟು ಬದಲಾಯಿಸಿದೆವು. ತೆಗೆದ ಹಳೇ ಬೆಲ್ಟು ಚೆನ್ನಾಗಿಯೇ ಇತ್ತು, ಅದು ಡಿಕ್ಕಿಗೆ. ಪಾಯಿಂಟು, ಕಂಡೆನ್ಸರ್, ರೋಟರ್, ಎರಡು ಪ್ಲಗ್ಗು, ತಂತಿ, ಫ್ಯೂಸು. ಕಂಡೆನ್ಸರ್ ಮಾತ್ರ ಹೊಸದಕ್ಕಿಂತ ಓಡಿ ಸಾಬೀತಾದ ಹಳೆಯದೇ ವಾಸಿ ಅಂತ ಮಾವನ ವಾದ. ಇದರಲ್ಲಿರುವುದು ಡೈನಮೊ, ನಿಧಾನ ಓಡುವಾಗ ಬ್ಯಾಟರಿಗೆ ಚಾರ್ಜು ಕೊಡುವುದಿಲ್ಲ. ಅದಕ್ಕೇ ರಾತ್ರಿ ಪ್ರಯಾಣ ಬೇಡ, ದಿಂಡಿಗಲ್ಲಿನಲ್ಲಿ ತಂಗುವುದು. ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಗಾಡಿ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಬೇಕು. ಅದರ ಜವಾಬ್ದಾರಿ ನನ್ನದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ಎರಡು ಟೈರು ಹಲ್ಲು ಸವೆಯದೆ ಹೊಸದರಂತೆ ಕಾಣುತ್ತಿದ್ದವು, ಅಂಕಿ ನೋಡಿದರೆ ಹನ್ನೆರಡು ವರ್ಷದ ರಬ್ಬರು. ಅತ್ತೆ ಚೀಟಿ ದುಡ್ಡು ತೆಗೆದು ಕೊಟ್ಟಳು. ಸೀಟು ಬೆಲ್ಟು ಈ ಕಾರಿಗೆ ಇರಲೇ ಇಲ್ಲ. ಬರೀ ತಗಡಿಗೆ ಬೋಲ್ಟು ಹಾಕಿದರೆ ಕಿತ್ತುಕೊಂಡು ಬರುತ್ತೆ ಅಂತ ತಳದಲ್ಲಿ ದಪ್ಪ ಪ್ಲೇಟು ಬೆಸೆದು ಐದು ಜನಕ್ಕೂ ಕಟ್ಟಿದ.

ಕಾಗದದ ವಿಷಯ. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ಎಫ್‌ಸಿ, ಅದು ಆಗಿದೆ. 2021ರ ನಿಯಮದ ಪ್ರಕಾರ ಐವತ್ತು ತುಂಬಿದ ಕಾರಿಗೆ ವಿಂಟೇಜ್ ಅನ್ನುವ ಬಿರುದು ಸಿಗುತ್ತೆ, ನಮ್ಮದಕ್ಕೆ ಇನ್ನೂ ತುಂಬಿಲ್ಲ. ಬಿರುದು ತಗೊಂಡರೆ ಪ್ರದರ್ಶನಕ್ಕೋ ರ‍್ಯಾಲಿಗೋ ಬಿಟ್ಟರೆ ದಿನದಿನದ ಓಡಾಟಕ್ಕೆ ರಸ್ತೆಗೆ ತರುವ ಹಾಗಿಲ್ಲ. ಮಾವನಿಗೆ ಆ ಬಿರುದು ಬೇಡ.

ಹೋದ ಭಾನುವಾರ ಕೊನೆಯ ಪರೀಕ್ಷೆ. ಹಿಂದಿನ ಸೀಟಿಗೂ ಡಿಕ್ಕಿಗೂ ರಾಗಿ ಮೂಟೆ ಹೇರಿದೆವು, ಐದು ಜನರ ತೂಕಕ್ಕೆ. ಬೈಪಾಸು ಬಂತು. ಮಾವನ ಕೈ ತಾನಾಗಿ ಇಂಡಿಕೇಟರ್ ಹಾಕಿ ತಿರುಗಿಸಲು ಹೋಯಿತು, ಅಷ್ಟು ವರ್ಷದ ರೂಢಿ. ನಾನು ಏನೂ ಅನ್ನಲಿಲ್ಲ. ಅವನೇ ಇಂಡಿಕೇಟರ್ ಆರಿಸಿ ನೇರ ಬಿಟ್ಟ. ಸಿರಾ ದಾಟಿ ನಿಲ್ಲಿಸಿ ನಾಲ್ಕು ಚಕ್ರದ ಡ್ರಮ್ಮಿಗೂ ಅಂಗೈ ಹಿಂಬದಿ ತಾಗಿಸಿ ನೋಡಿದ. ಮೂರು ಬೆಚ್ಚಗಿದ್ದವು, ಹಿಂದಿನ ಬಲಗಡೆಯದು ಮುಟ್ಟೋಕಾಗಲಿಲ್ಲ. ಹ್ಯಾಂಡ್ ಬ್ರೇಕಿನ ಕೇಬಲ್ಲು ಎಳೆದದ್ದು ಪೂರ್ತಿ ವಾಪಸ್ ಬರುತ್ತಿಲ್ಲ. ರಸ್ತೆ ಪಕ್ಕದಲ್ಲೇ ಮಲಗಿ ಕೇಬಲ್ಲು ಬಿಚ್ಚಿ, ಗ್ರೀಸು ತುಂಬಿ, ಅಡ್ಜಸ್ಟರು ಎರಡು ಹಲ್ಲು ಸಡಿಲಿಸಿದ. ವಾಪಸ್ ಬರುವಾಗ ನಾಲ್ಕೂ ಒಂದೇ ಬಿಸಿ.

ಶುಕ್ರವಾರ ಬೆಳಗ್ಗೆ ಐದಕ್ಕೆ ಹೊರಡುವುದು. ಟೈರಿನ ಗಾಳಿಯನ್ನು ಗಾಡಿ ಓಡುವ ಮುಂಚೆ, ತಣ್ಣಗಿರುವಾಗಲೇ ನೋಡಬೇಕು. ತೊಪ್ಪೂರು ಇಳಿಯುವಾಗ ಎರಡನೇ ಗೇರು. ಅಜ್ಜಿ ಈಗಿನಿಂದಲೇ ರೊಟ್ಟಿ ಒಣಗಿಸುತ್ತಿದ್ದಾಳೆ. ಮುಂದಿನ ಸೀಟೋ ಹಿಂದಿನ ಸೀಟೋ ಅಂತ ಕೇಳಿದ್ದಕ್ಕೆ, "ಗಾಳಿ ಬರೋ ಕಡೆ ಕೂರಿಸ್ರಪ್ಪ ಸಾಕು, ವಾಂತಿ ಆದಾತು" ಅಂದಳು.