ಮರದ ಗೊಂಬೆ, ಕಲ್ಲಿನ ಹೆಸರು

ಬಿಕ್ಕೋಡಿನ ಅಂಗಡಿಗಳ ನಾಮಫಲಕಗಳನ್ನು ಓದುತ್ತ ನಾವು ಬೇಲೂರಿನ ದಾರಿ ಹಿಡಿದೆವು. ಆಗ ಅಮೆರಿಕದ ಹಳೆಯ ಅಂಗಡಿಗಳ ನೆನಪಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ, ಅಕ್ಷರವರಿಯದವರಿಗೂ ತಿಳಿಯಲೆಂದು ಅಲ್ಲಿ ಹೊಗೆಸೊಪ್ಪಿನ ಅಂಗಡಿಯ ಬಾಗಿಲಲ್ಲಿ ಆ ನಾಡಿನ ಮೂಲನಿವಾಸಿಯ ಮರದ ಗೊಂಬೆಯನ್ನು ನಿಲ್ಲಿಸುತ್ತಿದ್ದರು. ಮರದ ಹಡಗುಗಳು ಕಡಮೆಯಾಗಲು, ಹಡಗಿನ ಮುಂತುದಿಗೆ ಬೊಂಬೆ ಕೆತ್ತುತ್ತಿದ್ದವರು ಈ ಕೆಲಸಕ್ಕೆ ತಿರುಗಿದರು. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ರಾಬ್‌ನಂಥ ಕೆಲವರನ್ನು ಬಿಟ್ಟರೆ ಹೆಚ್ಚಿನವರ ಹೆಸರು ಉಳಿಯಲಿಲ್ಲ.

ಬೇಲೂರಿನಲ್ಲಾದರೋ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಂದಿಗೂ ಹೆಸರುಳಿಸಿಕೊಂಡಿದ್ದಾರೆ. ವಾಚಕರು ನವರಾತ್ರಿಗೆ ಕಿನ್ನಾಳದ ಮರದ ಗೊಂಬೆ ಕೊಂಡರೆ, ಕೆತ್ತಿದ ಚಿತ್ರಗಾರನ ಹೆಸರನ್ನೂ ಕೇಳಿ ಅಡಿಯಲ್ಲಿ ಬರೆದಿಡಲಿ. ಕಲ್ಲಿಗೆ ಸಂದ ಮರ್ಯಾದೆ ಮರಕ್ಕೂ ಸಲ್ಲಬೇಕು.